ಕಡತಗಳು ಒತ್ತೆಯಾಗದಂತೆ ಕಾಯುವ ಬಗೆ

ರ‍್ಯಾನ್ಸಮ್‌ವೇರ್, ಗಣಕದ ಕಡತಗಳನ್ನು ಗೂಢಲಿಪಿಗೆ ಬದಲಾಯಿಸಿ, ಅವುಗಳನ್ನು ಬಿಡಿಸುವ ಕೀಲಿಗಾಗಿ ಹಣ ಕೇಳುವ ಕುತಂತ್ರಾಂಶವಾಗಿದೆ. 2017ರ ಮೇ ತಿಂಗಳಿನಲ್ಲಿ ಜಗತ್ತಿನಾದ್ಯಂತ ಹರಡಿದ ವನ್ನಾಕ್ರೈ ಎಂಬ ಇಂಥದೇ ಕುತಂತ್ರಾಂಶ, ವಿಂಡೋಸ್‌ನ ಒಂದು ದೋಷವನ್ನು ಬಳಸಿಕೊಂಡಿತು. ಆಗ ಚಾಲ್ತಿಯಲ್ಲಿದ್ದ ಆವೃತ್ತಿಗಳಿಗೆ ಆ ದೋಷ ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ನೀಡಿದ್ದರೂ, ಅದನ್ನು ಅಳವಡಿಸಿಕೊಳ್ಳದ ಅಸಂಖ್ಯ ಗಣಕಗಳು ಬಲಿಯಾದವು. ಆದ್ದರಿಂದ ಸ್ವಯಂಚಾಲಿತ ಅಪ್‌ಡೇಟನ್ನು ಸದಾ ಚಾಲನೆಯಲ್ಲಿಡುವುದು, ಅಪರಿಚಿತ ಇಮೇಲಿನ ಲಗತ್ತುಗಳನ್ನು ತೆರೆಯದಿರುವುದು ಹಾಗೂ ಕಳ್ಳಪ್ರತಿ ತಂತ್ರಾಂಶಗಳನ್ನು ದೂರವಿಡುವುದು ಅಗತ್ಯ. ಮುಖ್ಯ ಕಡತಗಳ ಬ್ಯಾಕಪ್, ಅಂದರೆ ಹೆಚ್ಚುವರಿ ಪ್ರತಿ, ಬೇರೊಂದು ಹಾರ್ಡ್ ಡಿಸ್ಕಿನಲ್ಲಿರಬೇಕು. ಗಣಕಕ್ಕೆ ಜೋಡಿಸಿಯೇ ಬಿಟ್ಟ ಡಿಸ್ಕೂ ದಾಳಿಗೆ ತುತ್ತಾಗಬಹುದಾದ್ದರಿಂದ, ಪ್ರತಿ ತೆಗೆದೊಡನೆ ಅದನ್ನು ಕಳಚಿಡಬೇಕು. ದಾಳಿ ನಡೆದರೆ ಕೂಡಲೇ ಇಂಟರ್‌ನೆಟ್ ಸಂಪರ್ಕ ಕಡಿದು, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ದಾಖಲಿಸಬೇಕು. ಹಣ ತೆತ್ತರೂ ಕಡತಗಳು ಮರಳುವ ಖಾತರಿಯಿಲ್ಲ. ಆದ್ದರಿಂದ ಹಣ ತೆರಲೇಬಾರದು.