ಹಿತ್ತಲ ಕಾಯಿಪಲ್ಯದ ತೋಟ: ಮುಂಗಾರಿನಿಂದ ಹಿಂಗಾರಿಗೆ

ಬೆಂಗಳೂರು, ಕೋಲಾರ, ತುಮಕೂರು ಜಿಲ್ಲೆಗಳ ಮೈದಾನು ಸೀಮೆಯಲ್ಲಿ ಹುಬ್ಬೆ ಮಳೆ ಕಳೆದು ಉತ್ತರೆ ಹುಟ್ಟುವ ವೇಳೆಗೆ, ಅಂದರೆ ಸೆಪ್ಟೆಂಬರ್ ಮಧ್ಯಭಾಗದಲ್ಲಿ, ಮುಂಗಾರಿನ ಬೆಂಡೆ, ಹೀರೆ, ಸೌತೆಗಳ ಫಸಲು ತಗ್ಗುತ್ತದೆ. ರಾಗಿಯ ಹೊಲದ ಕಡೆಗೇ ಗಮನವಿಟ್ಟ ರೈತನು ಹಿತ್ತಲನ್ನು ಹಾಗೆಯೇ ಬಿಟ್ಟು, ದೀಪಾವಳಿ ಕಳೆದು ಮಳೆ ನಿಂತ ಮೇಲೆ ಕೋಸಿನ ಬೀಜವನ್ನು ಒಟ್ಟಲು ಹಾಕುವುದುಂಟು. ಇದರಿಂದ ನಡುವಣ ದಿನಗಳಲ್ಲಿ ಮನೆಯ ತರಕಾರಿಯನ್ನೆಲ್ಲ ಸಂತೆಯಿಂದ ಕೊಳ್ಳಬೇಕಾಗುವುದು. ಇದಕ್ಕಿಂತ ದೊಡ್ಡ ನಷ್ಟವೆಂದರೆ, ತಡವಾಗಿ ನೆಟ್ಟ ಎಲೆಕೋಸು ಉಂಡೆ ಕಟ್ಟುವ ಹೊತ್ತಿಗೆ ಶಿವರಾತ್ರಿ ಬಂದು, ಬಿಸಿಲೇರಿ, ಬಾವಿಯ ನೀರಿಳಿದು, ಕೋಸು ಸಡಿಲವಾಗಿಯೇ ಉಳಿಯುವುದು. ಆದುದರಿಂದ ಮಳೆಯಲ್ಲಿಯೇ ಒಟ್ಟಲು ಹಾಕತಕ್ಕದ್ದು.

ಮೊದಲು ಮುಗಿದ ಬೆಳೆಯನ್ನು ಕಿತ್ತು ತೆಗೆಯಬೇಕು. ಹುಳು ಕೊರೆದ ಬದನೆಯ ಕಡ್ಡಿಗಳನ್ನು ಬೇಲಿಯ ಮೇಲೆ ಒಟ್ಟದೆ ಸುಡುವುದು ಒಳ್ಳೆಯದು. ರೋಗವಿಲ್ಲದ ಬದನೆಯ ಗಿಡವನ್ನು ನೆಲದಿಂದ ಒಂದು ಗೇಣು ಬಿಟ್ಟು ಕತ್ತರಿಸಿ ಗೊಬ್ಬರ ಕೊಟ್ಟರೆ ಮತ್ತೆ ಚಿಗುರಿ ಕಾಯಿ ಬಿಡುವುದು. ಬೇಲಿಯ ಅವರೆಬಳ್ಳಿಯನ್ನು ಮಾತ್ರ ಮುಟ್ಟಕೂಡದು. ಬರಿಯ ಸೊಪ್ಪೇ ಬೆಳೆದು ಹೂವಿಲ್ಲವೆಂದು ಅದನ್ನು ದನಕ್ಕೆ ಹಾಕುವವರುಂಟು. ನಾಟಿ ಅವರೆಯು ಹಗಲು ಕುಗ್ಗಿದ ಹೊರತು ಹೂ ಬಿಡದು; ಅದರ ಕಾಲ ಇನ್ನೂ ಮುಂದಿದೆ.

ಈ ಕಾಲದಲ್ಲಿ ಒಟ್ಟಲಿಗೆ ಮುಖ್ಯ ಶತ್ರು ಬುಡಕೊಳೆ ರೋಗ. ಮೊಳೆತ ಸಸಿಗಳು ಬುಡದಲ್ಲಿ ನೀರುಗಟ್ಟಿ, ಒಂದೆರಡು ದಿನಗಳಲ್ಲಿ ಗುಂಪುಗುಂಪಾಗಿ ಒರಗುತ್ತವೆ. ಬೀಜ ಕೆಟ್ಟದ್ದೆಂದು ಮಾರಿದವನನ್ನು ದೂರುವುದು ಸಾಮಾನ್ಯ. ಆದರೆ ಕಾರಣವು ಒದ್ದೆಯ ನೆಲದಲ್ಲಿ ಬೆಳೆಯುವ ಬೂಷ್ಟು. ಪಾತಿಯನ್ನು 3 ಅಡಿ ಅಗಲ, 6 ಅಂಗುಲ ಎತ್ತರಕ್ಕೆ ಏರಿಸಿ, ಸುತ್ತಲೂ ಕಾಲುವೆ ತೆಗೆದು, ಚೆನ್ನಾಗಿ ಕಳಿತ ಗೊಬ್ಬರವನ್ನು ಬೆರೆಸಬೇಕು. ಬೀಜವನ್ನು ಎರಚದೆ 3 ಅಂಗುಲಕ್ಕೊಂದು ಸಾಲಿನಲ್ಲಿ ತೆಳುವಾಗಿ ಬಿತ್ತಬೇಕು. ಮೇಲೆ ಹೊದಿಸಿದ ಹುಲ್ಲನ್ನು ಮೊಳಕೆ ಕಂಡ ದಿನವೇ ತೆಗೆಯಬೇಕು. ಅಡಕೆಯ ಕೊಳೆರೋಗಕ್ಕೆ ಬಳಸುವ ಬೋರ್ಡೋ ದ್ರಾವಣವನ್ನು ಬಿತ್ತುವ ಮುನ್ನ ಪಾತಿಯ ಮಣ್ಣಿಗೆ ಹೊಯ್ದರೆ ರೋಗವು ತಗ್ಗುವುದು. ಒಂದು ಗ್ಯಾಲನ್ ನೀರಿಗೆ ಮೈಲುತುತ್ತ 4 ತೊಲ, ಹೊಸ ಸುಣ್ಣ 4 ತೊಲ. ಇವೆರಡನ್ನೂ ಬೇರೆ ಬೇರೆ ಮಣ್ಣಿನ ಗಡಿಗೆಗಳಲ್ಲಿ ಅರ್ಧರ್ಧ ನೀರಿನಲ್ಲಿ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು. ಕಬ್ಬಿಣದ ಪಾತ್ರೆ ಕೂಡದು. ಉಜ್ಜಿದ ಚಾಕುವನ್ನು ಅದ್ದಿದಾಗ ತಾಮ್ರದ ಬಣ್ಣ ಹತ್ತಿದರೆ ಇನ್ನಷ್ಟು ಸುಣ್ಣ ಸೇರಿಸಬೇಕು. ಮೈಲುತುತ್ತವು ವಿಷವಾದುದರಿಂದ ಮಕ್ಕಳಿಗೂ ದನಗಳಿಗೂ ದೂರವಿಡತಕ್ಕದ್ದು.

ಕೋಸಿನ ಸಸಿಗಳು 4–5 ವಾರಗಳಲ್ಲಿ ನಾಟಿಗೆ ಬರುತ್ತವೆ. ಅಷ್ಟರವರೆಗೆ ತೆರವಾದ ನೆಲದಲ್ಲಿ ಮೆಂತ್ಯ, ದಂಟು ಬಿತ್ತಿದರೆ ಸುಮಾರು ಒಂದು ತಿಂಗಳಲ್ಲಿ ಸೊಪ್ಪು ಕೈಗೆ ಸಿಕ್ಕುವುದು. ಮೂಲಂಗಿಗೆ ಸ್ವಲ್ಪ ಹೆಚ್ಚು ದಿನ ಬೇಕು.

ಎಲೆಕೋಸು ನಮ್ಮ ಬಯಲುಸೀಮೆಯ ಸೆಕೆಯಲ್ಲಿ ಬೀಜ ಕಟ್ಟುವುದಿಲ್ಲವಾಗಿ ಪ್ರತಿ ವರ್ಷವೂ ಬೀಜವನ್ನು ಕೊಳ್ಳಲೇಬೇಕು. ಒಂದು ತೊಲ ಬೀಜದಲ್ಲಿ ಸುಮಾರು ಮೂರು ಸಾವಿರ ಕಾಳುಗಳಿರುತ್ತವೆ. ಒಂದು ಮನೆಗೆ ಮೂವತ್ತು ನಲವತ್ತು ಸಸಿಗಳು ಸಾಕು. ನೀರಿನ ಅನುಕೂಲವುಳ್ಳ ಒಬ್ಬರ ಹಿತ್ತಲಲ್ಲಿ ಊರಿಗೆಲ್ಲ ಒಂದೇ ಒಟ್ಟಲು ಹಾಕಿ, ಬೀಜದ ಕ್ರಯವನ್ನು ಹಂಚಿಕೊಂಡರೆ ಬಡವನಿಗೂ ಭಾರವಾಗದು. ಸಸಿಗಳನ್ನು ಸಂಜೆಯ ಹೊತ್ತು, ಪಾತಿಗೆ ನೀರುಣಿಸಿ ಕಿತ್ತು, ಬೇರಿನ ಮಣ್ಣು ಉದುರದಂತೆ ಒದ್ದೆಯ ಗೋಣಿಯಲ್ಲಿ ಸುತ್ತಿ ಹಂಚಿ, ಆ ರಾತ್ರಿಯೊಳಗೆ ನೆಡಿಸತಕ್ಕದ್ದು.