ಗುಬ್ಬಿಯ ವಿಲಿಯಂ ಆರ್ಥರ್ ಸ್ಮಾರಕ ದೇವಾಲಯ

ಹಿರೇಹಳ್ಳಿಯಿಂದ ತುಮಕೂರನ್ನು ದಾಟಿ ಶಿವಮೊಗ್ಗೆಯ ಹೆದ್ದಾರಿಯಲ್ಲಿ ಪಶ್ಚಿಮಕ್ಕೆ ಸಾಗಿದರೆ ಗುಬ್ಬಿಯು ದೊರೆಯುತ್ತದೆ. 16ನೆಯ ಶತಮಾನದಲ್ಲಿ ‘ಭಾವಚಿಂತಾರತ್ನ’ವನ್ನು ರಚಿಸಿದ ಮಲ್ಲಣಾರ್ಯನ ಊರಿದು, 1884ರಲ್ಲಿ ಆರಂಭವಾದ ಪ್ರಸಿದ್ಧ ನಾಟಕ ಮಂಡಳಿಯ ತವರೂ ಇದೇ. ಇಲ್ಲಿ 1904ರಲ್ಲಿ ಕಟ್ಟಲ್ಪಟ್ಟ, ವಿಲಿಯಂ ಆರ್ಥರರ ಹೆಸರನ್ನು ಹೊತ್ತ ದೇವಾಲಯವೊಂದುಂಟು. ನಮ್ಮ ಸೀಮೆಯ ಸಭೆಯ ಚರಿತ್ರೆಯನ್ನು ಅರಿಯಬಯಸುವವರು ಆ ಹೆಸರಿನಿಂದಲೇ ತೊಡಗುವುದು ಯುಕ್ತವಾಗಿದೆ. ಏಕೆಂದರೆ 1901ರಲ್ಲಿಯೇ ತೀರಿಹೋದ ಆರ್ಥರರು ಈ ಕಟ್ಟಡವನ್ನು ಕಂಡವರಲ್ಲ.

ಐರ್ಲೆಂಡಿನಲ್ಲಿ 1819ರಲ್ಲಿ ಜನಿಸಿದ ಇವರು 1839ರಲ್ಲಿ, ಇಪ್ಪತ್ತರ ಹರೆಯದಲ್ಲಿ, ವೆಸ್ಲಿಯನ್ ಮಿಶನಿನಿಂದ ಮೈಸೂರು ಸೀಮೆಗೆ ಬಂದರು. ಗುಬ್ಬಿಯಲ್ಲಿ ಅವರಿಗಿಂತ ಮೊದಲೇ ಥಾಮಸ್ ಹಾಡ್ಸನರು ಕೆಲಸವನ್ನು ಆರಂಭಿಸಿದ್ದರು. ಇಲ್ಲಿ ಏನನ್ನಾದರೂ ಬೋಧಿಸುವ ಮುನ್ನ ಆರ್ಥರರು ಕನ್ನಡದ ವಿದ್ಯಾರ್ಥಿಯಾಗಬೇಕಾಯಿತು. ಆದರೆ ಅವರ ಕಣ್ಣುಗಳು ಬಲಹೀನವಾದುದರಿಂದ 1841ರಲ್ಲಿ ಸ್ವದೇಶಕ್ಕೆ ಮರಳಿದರು. ಗುಬ್ಬಿಗೆ ಅವರು ಕೊಟ್ಟದ್ದು ಎರಡು ವರ್ಷಗಳೂ ತುಂಬದ ಸೇವೆ. ಕಣ್ಣು ಸೋತರೂ ಲೇಖನಿಯು ಸೋಲಲಿಲ್ಲ: ಮೈಸೂರಿನ ಮಿಶನನ್ನು ಕುರಿತ ಅವರ ಗ್ರಂಥವು 1847ರಲ್ಲಿ ಪ್ರಕಟವಾಯಿತು. 1866ರಲ್ಲಿ ಅವರು ಬ್ರಿಟನ್ನಿನ ವೆಸ್ಲಿಯನ್ ಮಹಾಸಭೆಯ ಅಧ್ಯಕ್ಷರಾದರು.

ಕಲ್ಲಿಗಿಂತ ಮೊದಲು ಭಾಷೆಯನ್ನು ಹಿಡಿದದ್ದು ಈ ಮಿಶನಿನ ವಿಶೇಷವು. ಇದೇ ಮಿಶನಿನ ಡೇನಿಯಲ್ ಸ್ಯಾಂಡರ್ಸನರು ‘ಜೈಮಿನಿ ಭಾರತ’ವನ್ನು 1852ರಲ್ಲಿ ಅಚ್ಚಿಗೆ ಸಿದ್ಧಪಡಿಸಿದರು; ರೀವ್ ಅವರ ಕನ್ನಡ ನಿಘಂಟನ್ನು ಪರಿಷ್ಕರಿಸಿ 1858ರಲ್ಲಿ ಹೊರತಂದರು. ನಾಡಿನವರ ಮಾತನ್ನು ಗೌರವಿಸದೆ ನಾಡಿನವರಿಗೆ ಸುವಾರ್ತೆಯನ್ನು ಸಾರಲಾಗದೆಂಬುದನ್ನು ಅವರು ಅರಿತಿದ್ದರು.

ವೆಸ್ಲಿಯನ್ ಸಭೆಗೂ ಇಂಗ್ಲೆಂಡಿನ ಆಂಗ್ಲಿಕನ್ ಸಭೆಗೂ ಏನು ಸಂಬಂಧವೆಂದು ಕೆಲವರು ಕೇಳಬಹುದು. ಜಾನ್ ವೆಸ್ಲಿಯವರು 1791ರಲ್ಲಿ ಮರಣ ಹೊಂದುವವರೆಗೂ ಆಂಗ್ಲಿಕನ್ ಸಭೆಯ ಯಾಜಕರಾಗಿಯೇ ಇದ್ದರು. ಅನುಯಾಯಿಗಳು ಪೂರ್ಣವಾಗಿ ಬೇರೆಯಾದದ್ದು ತರುವಾಯ. ಹೀಗೆ ಅಗಲಿದವರು 1947ರ ಸೆಪ್ಟೆಂಬರ್ 27ರಂದು, ಮದರಾಸಿನ ಸೇಂಟ್ ಜಾರ್ಜ್ ಕಥೀಡ್ರಲಿನಲ್ಲಿ, ಇತರ ಸಭೆಗಳೊಡನೆ ದಕ್ಷಿಣ ಭಾರತ ಸಭೆಯಾಗಿ ಒಂದುಗೂಡಿದರು. ಬೆಂಗಳೂರಿನ ಸೇಂಟ್ ಮಾರ್ಕ್ಸ್ ದೇವಾಲಯವು 1812ರಲ್ಲಿ ಪೂರ್ಣಗೊಂಡದ್ದು ಕಂಪನಿಯ ದಂಡಿನವರಿಗಾಗಿ. ಗುಬ್ಬಿಯ ಸಭೆಯು ಹುಟ್ಟಿದ್ದು ಕನ್ನಡಿಗರಿಗಾಗಿ. ಇಂದು ಇವೆರಡೂ ಕರ್ನಾಟಕ ಮಧ್ಯ ಸಭಾಪ್ರಾಂತಕ್ಕೆ ಸೇರಿ, ಒಬ್ಬರೇ ಬಿಷಪ್ಪರ ಪಾಲನೆಯಲ್ಲಿವೆ. ಒಂದೂವರೆ ಶತಮಾನದ ಅಗಲಿಕೆಯು ಹೀಗೆ ನಮ್ಮ ನಾಡಿನಲ್ಲಿ ಅಂತ್ಯಗೊಂಡಿತು.

ಇದರಲ್ಲಿ ಹಳೆಯ ವಿದ್ಯಾರ್ಥಿನಿಯರಿಗೂ ತಂದೆತಾಯಂದಿರಿಗೂ ಒಂದು ಪಾಠವುಂಟು. ಬಿತ್ತಿದವನೇ ಕೊಯ್ಯಬೇಕೆಂಬ ನಿಯಮವು ಹೊಲದಲ್ಲಿಯೂ ಇಲ್ಲ, ಸಭೆಯಲ್ಲಿಯೂ ಇಲ್ಲ, ಶಾಲೆಯಲ್ಲಿಯೂ ಇಲ್ಲ. ಆದರೆ ಸ್ಮಾರಕದ ಮೇಲೆ ಉಳಿದದ್ದು ಆರ್ಥರರ ಹೆಸರು ಮಾತ್ರ. ಅವರಿಗೆ ಕನ್ನಡವನ್ನು ತಿದ್ದಿದವರು, ಮನೆಮನೆಗೆ ಹೋಗಿ ಸತ್ಯವೇದವನ್ನು ಓದಿ ಹೇಳಿದ ಸ್ತ್ರೀಯರು, ಹೆಣ್ಣುಮಕ್ಕಳನ್ನು ಓದಲು ಕಳುಹಿಸಿದ ತಾಯಂದಿರು, ಇವರ ಹೆಸರುಗಳು ಯಾವ ಕಲ್ಲಿನ ಮೇಲೂ ಇಲ್ಲ. ನಿಮ್ಮ ಅಜ್ಜಿಯರು ಎಲ್ಲಿ ಓದಿದರು, ಎಲ್ಲಿ ದೀಕ್ಷಾಸ್ನಾನ ಹೊಂದಿದರು, ಯಾರಿಗೆ ಅಕ್ಷರ ಕಲಿಸಿದರು ಎಂಬುದನ್ನು ತಿಳಿದಿರುವವರು ಬದುಕಿರುವಾಗಲೇ ಕೇಳಿ ಬರೆದಿಡಿರಿ. ಸಭೆಯ ಚರಿತ್ರೆಯಲ್ಲಿ ಇನ್ನೂ ಬರೆಯದೆ ಉಳಿದಿರುವ ಅಧ್ಯಾಯವು ಅದೇ; ಅದನ್ನು ಬರೆಯಬಲ್ಲವರು ನೀವೇ ಎಂದು ನಾವು ನಂಬುತ್ತೇವೆ.