ವೃದ್ಧಾಶ್ರಮ ಮತ್ತು ದಾಸೋಹಧರ್ಮ

ದಾನಕ್ಕೂ ದಾಸೋಹಕ್ಕೂ ಇರುವ ಅಂತರವನ್ನು ಶರಣರು ಸ್ಪಷ್ಟವಾಗಿ ತೋರಿಸಿಕೊಟ್ಟಿದ್ದಾರೆ. ದಾನದಲ್ಲಿ ಕೊಡುವವನು ಮೇಲೆ, ಕೊಳ್ಳುವವನು ಕೆಳಗೆ. ದಾಸೋಹದಲ್ಲಾದರೋ ನೀಡುವವನೇ ದಾಸನು; ಸ್ವೀಕರಿಸುವವನು ಜಂಗಮಸ್ವರೂಪನು. ಚೈತನ್ಯವುಳ್ಳ ಜೀವದ ಸೇವೆಯೇ ಶಿವಸೇವೆಯೆಂಬುದು ಈ ಧರ್ಮದ ಹೃದಯ. ಹೀಗಿರುವಲ್ಲಿ ಒಂದು ಪ್ರಶ್ನೆಯು ಏಳುತ್ತದೆ. ಕಾಲು ಸೋತು, ಕಣ್ಣು ಮಸುಕಾಗಿ, ಹಾಸಿಗೆ ಹಿಡಿದ ಮುದುಕನಲ್ಲಿ ಜಂಗಮತ್ವವಿದೆಯೇ? ಇದೆ. ಜಂಗಮತ್ವವು ಕಾಲಿನ ಬಲದಲ್ಲಿಲ್ಲ, ಒಳಗಿನ ಚೈತನ್ಯದಲ್ಲಿದೆ. ಆದುದರಿಂದ ನಡೆಯಲಾರದ ಹಿರಿಯರ ಸೇವೆಯು ಜಂಗಮದಾಸೋಹದ ಕಠಿಣತಮ ಪರೀಕ್ಷೆಯೆಂದು ತಿಳಿಯಬೇಕು.

ಈ ಪರೀಕ್ಷೆಯು ಇಂದು ಗ್ರಾಮಗಳ ಬಾಗಿಲಿಗೂ ಬಂದಿದೆ. ಅಥಣಿ ತಾಲೂಕಿನ ಕೊಕಟನೂರಿನಂಥ ಊರುಗಳಲ್ಲಿ ಮಕ್ಕಳು ಉದ್ಯೋಗಕ್ಕಾಗಿ ಸಾಂಗ್ಲಿ, ಕೊಲ್ಲಾಪುರ, ಪುಣೆ, ಬೆಂಗಳೂರುಗಳಿಗೆ ಹೋಗುತ್ತಾರೆ. ಹೊಲಮನೆಗಳನ್ನು ಕಾಯುತ್ತ ಮುಪ್ಪಿನ ತಂದೆತಾಯಿಗಳು ಉಳಿಯುತ್ತಾರೆ. 2011ರ ಜನಗಣತಿಯಲ್ಲಿಯೇ ಭಾರತದಲ್ಲಿ 60 ವರ್ಷ ದಾಟಿದವರು 10 ಕೋಟಿಗೂ ಹೆಚ್ಚಾಗಿದ್ದರು. ಕೊಕಟನೂರಿನ ವಿಷಯದಲ್ಲಿ ನೆನೆಯಬೇಕಾದ ಇನ್ನೊಂದು ಮಾತಿದೆ. ಅಲ್ಲಿಯ ಎಲ್ಲಮ್ಮನ ಕ್ಷೇತ್ರದೊಡನೆ ದೇವದಾಸಿ ಪದ್ಧತಿಯ ನೋವಿನ ಇತಿಹಾಸವು ಹೆಣೆದುಕೊಂಡಿದೆ. ಮುಂಬಯಿ ಪ್ರಾಂತದ 1934ರ ಕಾಯದೆಯೂ ಕರ್ನಾಟಕದ 1982ರ ಕಾಯದೆಯೂ ಆ ಪದ್ಧತಿಯನ್ನು ನಿಷೇಧಿಸಿದವು. ಆದರೆ ಬಾಲ್ಯದಲ್ಲಿ ಮುತ್ತು ಕಟ್ಟಿಸಿಕೊಂಡ ಹೆಣ್ಣುಮಕ್ಕಳು ಮುದುಕಿಯರಾದಾಗ ಅವರಿಗೆ ಆಸರೆ ಯಾರು? ಮನೆಯ ಆಸರೆ ತಪ್ಪಿದವರಿಗೆ ವೃದ್ಧಾಶ್ರಮವು ಬೇಕೇ ಬೇಕು. ಹಿರಿಯರನ್ನು ಅಲ್ಲಿರಿಸುವದೇ ಪಾಪವೆಂದು ಸುಮ್ಮನೆ ಹಳಿಯುವದರಿಂದ ಪ್ರಯೋಜನವಿಲ್ಲ. ಅಲ್ಲಿಯ ಆರೈಕೆಯು ಎಂಥದು ಎಂಬುದೇ ವಿಚಾರಿಸಬೇಕಾದ ವಿಷಯ.

ನೆಲ, ನೀರು, ದೀಪ

ಆಶ್ರಮದ ಹಿರಿಮೆಯು ಅದರ ಮಹಾದ್ವಾರದಲ್ಲಿಲ್ಲ, ಬಚ್ಚಲಿನಲ್ಲಿದೆ. ವೃದ್ಧರಿಗೆ ಬೀಳುವದಕ್ಕಿಂತ ದೊಡ್ಡ ಶತ್ರುವಿಲ್ಲ. ನುಣುಪಾದ ಫರಸಿ, ಅದರ ಮೇಲೆ ಚೆಲ್ಲಿದ ಸಾಬೂನಿನ ನೀರು, ನಡುರಾತ್ರಿಯ ಕತ್ತಲೆ ಇವು ಕೂಡಿದಲ್ಲಿ ತೊಡೆಯ ಎಲುಬು ಮುರಿಯಲು ಕ್ಷಣವೂ ಬೇಡ. ಆ ಮುರಿತದಿಂದ ಹಾಸಿಗೆ ಹಿಡಿದವರಲ್ಲಿ ಅನೇಕರು ಮತ್ತೆ ಏಳುವದಿಲ್ಲ. ಇದನ್ನು ತಡೆಯಲು ಅಪಾರ ಧನವು ಬೇಕಾಗಿಲ್ಲ. ಜಾರದ ನೆಲ, ಗೋಡೆಗೆ ಬಿಗಿದ ಹಿಡಿಕೆ, ಕುಳಿತು ಏಳಲು ಅನುಕೂಲವಾದ ಕಮೋಡು, ಹಾಸಿಗೆಯಿಂದ ಪಾಯಖಾನೆಯವರೆಗೆ ಇರುಳೆಲ್ಲ ಉರಿಯುವ ಸಣ್ಣ ದೀಪ, ಕೈಗೆಟಕುವ ಗಂಟೆ, ಕರೆದಾಗ ಓಗೊಡುವ ಒಬ್ಬ ಮನುಷ್ಯ ಇಷ್ಟಿದ್ದರೆ ಸಾಕು. ಇವುಗಳಲ್ಲಿ ಕೊನೆಯದೇ ಮುಖ್ಯವಾದುದು. ಹಗಲಿನಲ್ಲಿ ಹತ್ತು ಜನ ಸೇವಕರಿದ್ದು ಇರುಳಿನಲ್ಲಿ ಒಬ್ಬನೂ ಇಲ್ಲದ ಆಶ್ರಮವು ಅರ್ಧ ದಿನದ ಆಶ್ರಮವಷ್ಟೆ.

ನೀರಿನ ಮಾತೂ ಹಾಗೆಯೇ. ಮುಪ್ಪಿನಲ್ಲಿ ನೀರಡಿಕೆಯ ಅರಿವು ಕುಗ್ಗುತ್ತದೆ. ದೇಹವು ಒಣಗುತ್ತಿದ್ದರೂ ಬಾಯಿ ಕೇಳುವದಿಲ್ಲ. ಮೇಲಾಗಿ ಪಾಯಖಾನೆಗೆ ಯಾರು ಕರೆದೊಯ್ಯುವರೆಂಬ ಸಂಕೋಚದಿಂದ ಎಷ್ಟೋ ಮುದುಕಿಯರು ನೀರನ್ನೇ ಬಿಡುತ್ತಾರೆ. 2003ರ ಆಗಸ್ಟಿನಲ್ಲಿ ಫ್ರಾನ್ಸ್ ದೇಶದಲ್ಲಿ ಎದ್ದ ಉಷ್ಣದ ಅಲೆಗೆ ಸುಮಾರು 15,000 ಜನ ಬಲಿಯಾದರು. ಅವರಲ್ಲಿ ಬಹುಸಂಖ್ಯರು ವೃದ್ಧರು. ಮನೆಯಲ್ಲಿ ಒಂಟಿಯಾಗಿದ್ದವರೂ ಇದ್ದರು, ಆಶ್ರಮಗಳಲ್ಲಿದ್ದವರೂ ಇದ್ದರು. ಸಿರಿವಂತ ದೇಶದಲ್ಲಿಯೇ ಹೀಗಾದ ಮೇಲೆ, ಅಥಣಿಯ ಬಿರುಬೇಸಗೆಯಲ್ಲಿ ತಗಡಿನ ಮಾಡಿನ ಕೆಳಗೆ ಮಲಗಿದ ಹಿರಿಯರಿಗೆ ಹೊತ್ತುಹೊತ್ತಿಗೆ ನೀರು ಮಜ್ಜಿಗೆಗಳನ್ನು ಕುಡಿಸುವದು ಉಪಚಾರದ ಮಾತಲ್ಲ, ಪ್ರಾಣರಕ್ಷಣೆಯ ಮಾತು.

ಹಾಸಿಗೆ ಹಿಡಿದವರ ಸೇವೆ

ಹೊರಳಲಾರದವರನ್ನು ಎರಡು ತಾಸಿಗೊಮ್ಮೆಯಾದರೂ ಮಗ್ಗುಲು ಬದಲಿಸಿ ಮಲಗಿಸಬೇಕೆಂಬುದು ರೂಢಿಯ ನಿಯಮ. ಒಂದೇ ಕಡೆಯ ಒತ್ತಿನಿಂದ ರಕ್ತವು ಹರಿಯದೆ ಹಿಮ್ಮಡಿ, ಸೊಂಟ, ಬೆನ್ನಿನ ಬುಡಗಳಲ್ಲಿ ಚರ್ಮವು ಕೆಂಪಾಗಿ, ಮುಂದೆ ಒಡೆದು, ಎಲುಬಿನವರೆಗೂ ಹುಣ್ಣಾಗುವದುಂಟು. ಒದ್ದೆಯಾದ ಅರಿವೆಯಲ್ಲಿಯೇ ಬಿಟ್ಟರಂತೂ ಹುಣ್ಣು ಬೇಗನೆ ಬರುವದು. ಊಟವನ್ನು ಮಲಗಿಸಿ ತಿನ್ನಿಸಲಾಗದು. ಕೂಡಿಸಿ, ಸಣ್ಣ ತುತ್ತುಗಳನ್ನು ಕೊಟ್ಟು, ನುಂಗಿದುದನ್ನು ನೋಡಿಯೇ ಮುಂದಿನ ತುತ್ತನ್ನೆತ್ತಬೇಕು. ಇಲ್ಲವಾದರೆ ಅನ್ನವು ಶ್ವಾಸನಾಳವನ್ನು ಸೇರಿ ಪ್ರಾಣಕ್ಕೆ ಕುತ್ತಾಗುವದು. ಹಲ್ಲಿಲ್ಲದವರ ಮುಂದೆ ಖಡಕ್ ರೊಟ್ಟಿಯನ್ನಿಟ್ಟು ಎತ್ತಿಕೊಂಡು ಹೋಗುವದು ಉಣಿಸಿದಂತಲ್ಲ; ಸಾರಿನಲ್ಲಿ ನೆನೆಸಿದ ರೊಟ್ಟಿ, ಜೋಳದ ನುಚ್ಚು, ಅಂಬಲಿಗಳು ಅವರ ಪಾಲಿನ ಪ್ರಸಾದ. ಔಷಧಿಯೂ ಹೀಗೆಯೇ. ಪ್ರತಿಯೊಬ್ಬರ ಗುಳಿಗೆಗಳು ಅವರವರ ಹೆಸರಿನಲ್ಲಿ ಬೇರೆಯಾಗಿರಬೇಕು. ಕೊಟ್ಟ ವೇಳೆಯನ್ನು ಬರೆದಿಡಬೇಕು. ಸಕ್ಕರೆ ರೋಗದ ಗುಳಿಗೆಯನ್ನು ಕೊಟ್ಟು ಊಟವನ್ನು ಮರೆತರೆ ರಕ್ತದ ಸಕ್ಕರೆಯು ಇಳಿದು ಎಚ್ಚರ ತಪ್ಪಬಹುದು.

ದೇಹದ ಆರೈಕೆಯೊಡನೆ ಮಾನದ ಆರೈಕೆಯೂ ಇರಬೇಕು. ಪರದೆಯಿಲ್ಲದೆ ಸ್ನಾನ ಮಾಡಿಸುವದು, ಹಿರಿಯರನ್ನು ಏಕವಚನದಲ್ಲಿ ಗದರಿಸುವದು, ಒಬ್ಬರ ಅರಿವೆಯನ್ನು ಇನ್ನೊಬ್ಬರಿಗೆ ಉಡಿಸುವದು ಇವು ಹೊಡೆತಕ್ಕಿಂತ ಕಡಿಮೆಯಾದ ಹಿಂಸೆಗಳಲ್ಲ. ಜನ್ಮವೆಲ್ಲ ಇಷ್ಟಲಿಂಗವನ್ನು ಪೂಜಿಸಿದವರ ಕೈ ನಡುಗುತ್ತಿದ್ದರೆ ಆ ಕೈಯನ್ನು ಹಿಡಿದು ಪೂಜೆಯನ್ನು ಸಾಗಿಸಬೇಕೇ ಹೊರತು, ಕಳೆದುಹೋದೀತೆಂದು ಲಿಂಗವನ್ನು ತೆಗೆದು ಕಪಾಟಿನಲ್ಲಿಡಬಾರದು. ಅಂತೆಯೇ ಅನ್ಯಮತದವರ ನಮಾಜು ಪ್ರಾರ್ಥನೆಗಳಿಗೂ ಸ್ಥಳವಿರಬೇಕು.

ಕಟ್ಟುವದು ಸೇವೆಯಲ್ಲ

ಅರಳುಮರಳು ಹಿಡಿದ ವೃದ್ಧರು ಇರುಳೆಲ್ಲ ಅಲೆಯುತ್ತಾರೆ, ಮನೆಗೆ ಹೋಗುವೆನೆಂದು ಹಟ ಹಿಡಿಯುತ್ತಾರೆ. ಆಗ ಮಂಚಕ್ಕೆ ಕಟ್ಟುವದು, ಹೊರಗಿನಿಂದ ಬೀಗ ಹಾಕುವದು, ಡಾಕ್ಟರರ ಅಪ್ಪಣೆಯಿಲ್ಲದೆ ಮಂಪರಿನ ಗುಳಿಗೆ ಕೊಡುವದು ಸುಲಭವಾದ ಉಪಾಯಗಳಾಗಿ ಕಾಣುತ್ತವೆ. ಅವುಗಳ ಫಲವೇನೆಂಬುದನ್ನು ಏರವಾಡಿಯು ತೋರಿಸಿಕೊಟ್ಟಿತು. ತಮಿಳುನಾಡಿನ ರಾಮನಾಥಪುರಂ ಜಿಲ್ಲೆಯ ಆ ಊರಿನ ಖಾಸಗಿ ವಸತಿಯೊಂದಕ್ಕೆ 2001ರ ಆಗಸ್ಟ್ 6ರ ನಸುಕಿನಲ್ಲಿ ಬೆಂಕಿ ಬಿದ್ದಿತು. ಅಲ್ಲಿದ್ದ ಮನೋರೋಗಿಗಳ ಕಾಲಿಗೆ ಸರಪಳಿಯಿದ್ದಿತು. 28 ಜನ ಓಡಲಾರದೆ ಸುಟ್ಟು ಸತ್ತರು. ಅವರನ್ನು ಅಲ್ಲಿ ಬಿಟ್ಟವರು ಅವರ ಬಂಧುಗಳೇ. ಕ್ಷೇತ್ರದ ಮಹಿಮೆಯಿಂದ ಗುಣವಾಗಲೆಂದು ಭಕ್ತಿಯಿಂದಲೇ ಬಿಟ್ಟಿದ್ದರು. ವಸತಿಯು ಹೇಗಿದೆಯೆಂದು ನೋಡದ ಭಕ್ತಿಯು ರಕ್ಷಿಸಲಿಲ್ಲ. 2017ರ ಮಾನಸಿಕ ಆರೋಗ್ಯ ಕಾಯದೆಯು ಮನೋರೋಗಿಗಳನ್ನು ಸರಪಳಿಯಿಂದ ಬಿಗಿಯುವದನ್ನು ನಿಷೇಧಿಸಿದೆ. ಈ ದುರಂತದ ಪಾಠವು ವೃದ್ಧಾಶ್ರಮಕ್ಕೂ ಸಲ್ಲುತ್ತದೆ. ನಡೆಯಲಾರದವರು ನೆಲದ ಅಂತಸ್ತಿನಲ್ಲಿರಬೇಕು, ಎರಡು ಬಾಗಿಲುಗಳಿರಬೇಕು, ಬೀಗವಿದ್ದರೆ ಅದರ ಕೀಲಿಯು ಕಾವಲಿರುವವನ ಕೈಯಲ್ಲಿಯೇ ಇರಬೇಕು. ಅಲೆಯುವವರಿಗೆ ಬೇಲಿಯುಳ್ಳ ಅಂಗಳವೂ ಜೊತೆಯಲ್ಲಿ ನಾಲ್ಕು ಹೆಜ್ಜೆ ನಡೆಯುವ ಸಹನೆಯೂ ಮದ್ದು.

ಆ ಸಹನೆಯು ಎಲ್ಲಿಂದ ಬರಬೇಕು? ಮಲಮೂತ್ರಗಳನ್ನು ಬಳಿಯುವ ಕೆಲಸವೂ ಕಾಯಕವೇ, ಕಾಯಕದಲ್ಲಿ ಮೇಲುಕೀಳುಗಳಿಲ್ಲ. ಆದರೆ ಸೇವಕಿಯನ್ನು ಶರಣೆಯೆಂದು ಹೊಗಳಿ, ಅರೆಹೊಟ್ಟೆಯ ಸಂಬಳಕ್ಕೆ ಹಗಲಿರುಳು ದುಡಿಸಿಕೊಳ್ಳುವದು ಕಾಯಕತತ್ತ್ವಕ್ಕೆ ಬಗೆದ ದ್ರೋಹ. ನಿದ್ದೆಗೆಟ್ಟು ದಣಿದ ಕೈಯೇ ಒರಟಾಗುವದು. ಯೋಗ್ಯವಾದ ವೇತನ, ವಿಶ್ರಾಂತಿ, ಶಿಕ್ಷಣಗಳನ್ನು ಸೇವಕರಿಗೆ ಕೊಡುವದು ವೃದ್ಧರಿಗೇ ಕೊಟ್ಟಂತೆ.

ಕಾನೂನಿನ ಆಸರೆ, ಗೃಹಸ್ಥರ ಹೊಣೆ

ತಂದೆತಾಯಿಗಳ ಹಾಗೂ ಹಿರಿಯ ನಾಗರಿಕರ ಪೋಷಣೆಗಾಗಿ 2007ರಲ್ಲಿ ಕೇಂದ್ರ ಕಾಯದೆಯು ಬಂದಿತು. ತಮ್ಮ ಆದಾಯ ಆಸ್ತಿಗಳಿಂದ ಬದುಕಲಾರದ ತಂದೆತಾಯಿಗಳು ಮಕ್ಕಳಿಂದ ಜೀವನಾಂಶವನ್ನು ಕೇಳಬಹುದು. ಉಪವಿಭಾಗಾಧಿಕಾರಿಗಳ ಅಧ್ಯಕ್ಷತೆಯ ನ್ಯಾಯಮಂಡಳಿಯು ಅದನ್ನು ವಿಚಾರಿಸುವದು. ಅಥಣಿ ತಾಲೂಕಿನವರಿಗೆ ಆ ಕಚೇರಿಯು ಚಿಕ್ಕೋಡಿಯಲ್ಲಿದೆ. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಬರೆದುಕೊಟ್ಟ ಆಸ್ತಿಯನ್ನು, ಮಾತು ತಪ್ಪಿದವರಿಂದ ಮರಳಿ ಪಡೆಯಲೂ ಅದರಲ್ಲಿ ಅವಕಾಶವಿದೆ. ಆದಕಾರಣ ದಾನಪತ್ರವನ್ನು ಬರೆಸುವಾಗ ಆ ಷರತ್ತನ್ನು ಸ್ಪಷ್ಟವಾಗಿ ಬರೆಸುವದು ಜಾಣತನ. ಪ್ರತಿ ಜಿಲ್ಲೆಯಲ್ಲಿ ಒಂದಾದರೂ, 150 ಜನ ನಿರ್ಗತಿಕ ವೃದ್ಧರಿಗೆ ಸಾಲುವಂಥ ಆಶ್ರಮವನ್ನು ಸರಕಾರವು ಸ್ಥಾಪಿಸಬಹುದೆಂದೂ ಕಾಯದೆಯು ಹೇಳುತ್ತದೆ. ಕಷ್ಟದಲ್ಲಿರುವ ಹಿರಿಯರು 14567 ಎಂಬ ಸಹಾಯವಾಣಿಗೆ ದೂರವಾಣಿ ಮಾಡಬಹುದು.

ಆದರೆ ಯಾವ ಕಾಯದೆಯೂ ಮಗನ ಕಣ್ಣಿಗೆ ಸಮನಲ್ಲ. ತಿಂಗಳಿಗೊಮ್ಮೆ ಹಣ ಕಳಿಸಿದರೆ ಋಣ ತೀರಿತೆಂದು ಭಾವಿಸುವವನು ದಾಸೋಹವನ್ನು ಹುಂಡಿಯ ಕಾಣಿಕೆಯನ್ನಾಗಿ ಮಾಡಿದಂತಾಯಿತು. ಸದ್ಭಕ್ತರು ಹೇಳದೆ ಕೇಳದೆ ಹೋಗಬೇಕು. ಹಬ್ಬದ ದಿನ ಹೋಗದೆ ಸಾಮಾನ್ಯ ದಿನದ ಇಳಿಹೊತ್ತಿನಲ್ಲಿ ಹೋಗಬೇಕು. ಉಗುರು ತೆಗೆದಿದೆಯೇ, ತುಟಿ ಒಣಗಿದೆಯೇ, ಹಿಮ್ಮಡಿ ಕೆಂಪಾಗಿದೆಯೇ, ಮೈಮೇಲೆ ಗಾಯದ ಗುರುತಿದೆಯೇ, ತೂಕವು ಇಳಿದಿದೆಯೇ ಎಂದು ನೋಡಬೇಕು. ಬಳಿಯಲ್ಲಿ ಯಾರೂ ಇಲ್ಲದಾಗ ಸುಖದುಃಖವನ್ನು ಕೇಳಬೇಕು. ಪಕ್ಕದ ಮಂಚದಲ್ಲಿ ಬಂಧುಗಳಿಲ್ಲದ ಒಬ್ಬ ಮುದುಕಿಯಿದ್ದರೆ ಅವಳನ್ನೂ ಎರಡು ಮಾತು ಕೇಳಿ ಬರಬೇಕು. ಕೇಳುವವರಿರುವರೆಂಬ ಅರಿವು ಆಶ್ರಮದವರಿಗಿದ್ದರೆ ಅದೇ ಅರ್ಧ ರಕ್ಷೆ. ದೂರು ಹೇಳಿದ ಹಿರಿಯರಿಗೆ ಮರುದಿನ ತೊಂದರೆಯಾಗದಂತೆ ಕಾಯುವದೂ ಅವರ ಹೊಣೆಯೇ.

ಮಠಗಳಲ್ಲಿ, ಮನೆಗಳಲ್ಲಿ ಜಂಗಮರ ಪಾದಗಳನ್ನು ತೊಳೆದು ಪೂಜಿಸುವ ಆಚಾರವಿದೆ. ಹಾಸಿಗೆ ಹಿಡಿದ ಹಿರಿಯರ ಹಿಮ್ಮಡಿಯನ್ನು ದೀಪದ ಬೆಳಕಿನಲ್ಲಿ ಎತ್ತಿ ನೋಡಿ, ಒರಸಿ, ಮಗ್ಗುಲು ಬದಲಿಸಿ ಮಲಗಿಸುವದೂ ಪಾದಪೂಜೆಯೇ. ಅದನ್ನು ಮನೆಯಲ್ಲಿ ಮಾಡಲಿ, ಆಶ್ರಮದಲ್ಲಿ ಮಾಡಿಸಲಿ. ಮಾಡಿದುದು ಸರಿಯಾಗಿದೆಯೇ ಎಂದು ಕಣ್ಣಾರೆ ನೋಡುವದು ಪ್ರತಿಯೊಬ್ಬ ಗೃಹಸ್ಥನ ಕರ್ತವ್ಯವಾಗಿದೆ.